ರೊಟ್ಟಿ ಮಣೆಯ ಗಿಟಾರು ಮಾಡುತ್ತಿದ್ದ ದಾವಲಚಾಚಾ

ಮುಂಜಾನೆ ಎಂಟರ ಸುಮಾರಿಗೆ ನಮ್ಮ ಅಡುಗೆಮನೆಯ ಕಿಟಕಿಯಾಚೆ ಒಂದು ಬಿಳಿ ಟೊಪ್ಪಿಗೆ ಬಂದು ನಿಲ್ಲುತ್ತಿತ್ತು. ಕಿಟಕಿ ಎತ್ತರದಲ್ಲಿದ್ದುದರಿಂದ ಟೊಪ್ಪಿಗೆಯ ಕೆಳಗಿನ ಮನುಷ್ಯ ಕಾಣುತ್ತಿರಲಿಲ್ಲ. ಮದುವೆಯಾಗಿ ಸವಣೂರಿಗೆ ಬಂದ ಮೊದಲ ವಾರವೇ ಅದನ್ನು ಕಂಡು ಹೆದರಿದ ನಾನು, ನೆಲಕ್ಕೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಮೆಲ್ಲಗೆ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಹೆದರಬ್ಯಾಡ. ಅಂವ ದಾವಲಸಾಬ. ನನ್ನ ಮಣಿ ಸಪ್ಪಳ ಕೇಳಾಕ ಬರ್ತಾನ, ನಿನ್ನ ನೋಡಾಕಲ್ಲ," ಎಂದರು.

ದಾವಲಸಾಬ್ ಚಾಚಾ ನಮ್ಮ ಓಣಿಯ ತುದಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಕರೆಂಟಿನ ಟೆಸ್ಟರ್ ಇರುತ್ತಿತ್ತು. ಉಗುರುಗಳಲ್ಲಿ ವಾರ್ನಿಷ್ ಕೂತು, ಹತ್ತು ಬೆರಳಿಗೂ ಯಾರೋ ಗೋರಂಟಿ ಹಚ್ಚಿ ಅರ್ಧಕ್ಕೆ ಎದ್ದು ಹೋದ ಹಾಗೆ ಕಾಣುತ್ತಿತ್ತು. ಮನುಷ್ಯರನ್ನೂ ಮೋಟಾರಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ನಮ್ಮ ಯಜಮಾನರು ಒಮ್ಮೆ ಜ್ವರದಲ್ಲಿ ಓಲಾಡುತ್ತ ಬಂದಾಗ ನನ್ನನ್ನು ಕರೆದು, "ಅಕ್ಕಾರ, ಸಾಹೇಬ್ರು ಮೂರು ಫೇಸ್ ಬದ್ಲಿ ಸಿಂಗಲ್ ಫೇಸ್ ಮ್ಯಾಲ ಓಡಾಕತ್ತಾರ. ಮಲಗಸ್ರಿ, ಇಲ್ಲಾಂದ್ರ ಸುಟ್ಟು ಹೋಗ್ತಾರ," ಎಂದು ಎಚ್ಚರಿಸಿದ್ದರು.

ಇಂಥವರು ಗಿಟಾರು ಮಾಡತೊಡಗಿದ್ದು ಶಿಗ್ಗಾಂವದ ಒಂದು ಮದುವೆಯಿಂದ. ಹಾಡಲು ಬಂದ ಆರ್ಕೆಸ್ಟ್ರಾದವರ ಎಲೆಕ್ಟ್ರಿಕ್ ಗಿಟಾರು ಸಂಜೆಯ ಹೊತ್ತಿಗೆ ದನಿ ಕಳೆದುಕೊಂಡಿತಂತೆ. ಊಟಕ್ಕೆ ಹೋಗಿದ್ದ ಚಾಚಾನನ್ನು ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ತಂತಿಗಳ ಕೆಳಗಿನ ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿ. "ಇದೂ ಮೋಟಾರ್ ಜಾತೀದ ಐತ್ರಿ. ತಿರುಗೂದಿಲ್ಲ ಅಷ್ಟ," ಎಂದು ಹೇಳಿ ಸುತ್ತಿಕೊಟ್ಟರು. ಗಿಟಾರು ಮೊದಲಿಗಿಂತ ಚೆನ್ನಾಗಿ ನುಡಿಯಿತು. ಚಾಚಾ ಮಾತ್ರ ಮೊದಲಿನಂತಾಗಲಿಲ್ಲ.

ತಾವೇ ಒಂದನ್ನು ಮಾಡಬೇಕೆಂಬ ಹುಚ್ಚು ಹತ್ತಿತು. ಗಿಟಾರಿನ ಮೈಗೆ ಎರಡು ಇಂಚು ದಪ್ಪದ ಒಂದೇ ಹಲಗೆ ಬೇಕಾಗಿತ್ತು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ: ಹೆಂಡತಿ ಮೆಹಬೂಬಿಯವರು ರೊಟ್ಟಿ ಬಡಿಯುವ ಮಣೆ. ಅವರು ತವರಿಗೆ ಹೋದ ದಿನ ಅದರ ಕಾಲು ಕಿತ್ತು ಗಿಟಾರು ಕೊರೆದರು. ಮೆಹಬೂಬಿ ವಾಪಸು ಬಂದ ಮೇಲೆ ಆ ಮನೆಯಲ್ಲಿ ಎಂಟು ದಿನ ಬರೀ ಅನ್ನವಾಯಿತು. ಆದರೆ ಗಿಟಾರಿನ ದನಿ ಕೇಳಿದ ಆರ್ಕೆಸ್ಟ್ರಾದವನು ಅದನ್ನು ಕೆಳಗಿಡಲೇ ಇಲ್ಲವಂತೆ. ಅನ್ನ ತಿನ್ನುತ್ತ ಚಾಚಾ ಯೋಚಿಸಿದರು, ಕಾರಣ ಕಂಡುಹಿಡಿದರು. ಮುಂದೆ ಅದನ್ನೇ ಎಲ್ಲರಿಗೂ ಹೇಳುತ್ತಿದ್ದರು.

"ಕಟ್ಟಿಗಿ ಮೊದಲಿಗೆ ಮೂಕ ಇರತೈತ್ರಿ ಅಕ್ಕಾರ. ದಿನಾ ಹತ್ತು ರೊಟ್ಟಿ, ಮೂವತ್ತು ವರ್ಷ ಬಡೀರಿ. ಆಮ್ಯಾಲ ಮಾತಾಡಾಕ ಕಲೀತೈತಿ."

ಕರೆಂಟಿನ ಗಿಟಾರಿಗೆ ಕಟ್ಟಿಗೆ ಯಾವುದಾದರೇನು, ಸದ್ದು ಬರುವುದು ತಂತಿಯ ಸುರುಳಿಯಿಂದಲ್ಲವೇ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. ಚಾಚಾ ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದರು.

ಮೋಟಾರು ಕೂರಿಸಲು ಹಳ್ಳಿಗಳಿಗೆ ಹೋದಾಗ ಕೆಲಸ ಮುಗಿಸಿ ಓಣಿ ಓಣಿ ಸುತ್ತಿ ರೊಟ್ಟಿಯ ಸಪ್ಪಳ ಕೇಳುತ್ತಿದ್ದರು. ಹಿಡಿಸಿದರೆ ಬಾಗಿಲು ಬಡಿದು, ಹಳೆಯ ಮಣೆಗೆ ಬದಲಾಗಿ ಹೊಸ ಸಾಗವಾನಿ ಮಣೆ ಮಾಡಿಕೊಡುತ್ತೇನೆ ಎನ್ನುತ್ತಿದ್ದರು. ಹಾನಗಲ್ಲಿನ ಒಂದು ಮನೆಯಲ್ಲಿ ಇವರನ್ನು ಕಳ್ಳನೆಂದು ಕೂರಿಸಿಕೊಂಡು, ಆಮೇಲೆ ಊಟ ಹಾಕಿ ಕಳಿಸಿದ್ದರಂತೆ. ಪ್ರತಿ ಗಿಟಾರಿಗೂ ಮಣೆಯ ಒಡತಿಯ ಹೆಸರನ್ನೇ ಇಡುತ್ತಿದ್ದರು: ದುಂಡಸಿ ನೀಲವ್ವ, ಹಿರೇಕೆರೂರ ಫಾತಿಮಾಬಿ, ಹಾನಗಲ್ಲ ಗಂಗಕ್ಕ. ಒಂದರಂತೆ ಇನ್ನೊಂದಿಲ್ಲ. ಹೀಗೆ ಒಟ್ಟು ಹನ್ನೊಂದಾದವು.

ಆ ಹನ್ನೊಂದೂ ಗಿಟಾರು ಕೂಡಿಡುವ ದೂರದೂರಿನ ಸಂಗ್ರಹಕಾರರ ಮನೆ ಸೇರಿದವು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳೆಂಬ ಒಂದೇ ಕಾರಣಕ್ಕೆ ನಾನು ಚಾಚಾನ ಆಫೀಸಾದೆ. ನನ್ನ ಫೋನ್ ನಂಬರನ್ನು ನನ್ನನ್ನು ಕೇಳದೆಯೇ ಎಲ್ಲರಿಗೂ ಕೊಟ್ಟುಬಿಟ್ಟಿದ್ದರು. ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಬೆಂಗಳೂರಿನಿಂದ ಯಾರೋ ಗಂಗಕ್ಕನ ತೂಕ ಎಷ್ಟು ಎಂದು ಕೇಳುತ್ತಿದ್ದರು. ಪ್ರತಿ ಗಿಟಾರಿನ ಜೊತೆ ಹೋಗುವ ಚೀಟಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಯಾರ ಮಣೆ, ಎಷ್ಟು ವರ್ಷ ಬಡಿದದ್ದು, ಆಕೆಯ ಸ್ವಭಾವ ಎಂಥದ್ದು.

ಸಂಗ್ರಹಕಾರರಲ್ಲಿ ಅತಿ ಹಳಬರು ಪುಣೆಯ ಒಬ್ಬ ಹಲ್ಲಿನ ಡಾಕ್ಟರು. ಮೂವತ್ತು ಗಿಟಾರುಗಳ ಒಡೆಯರು, ಯಾವುದನ್ನೂ ಸರಿಯಾಗಿ ನುಡಿಸಲು ಬಾರದು ಎಂದು ತಾವೇ ನಗುತ್ತ ಹೇಳುವವರು. ವರ್ಷಕ್ಕೊಮ್ಮೆ ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಬಂದಾಗ ನಮ್ಮಲ್ಲೇ ಊಟ. ರೊಟ್ಟಿ ಅಗಿಯುವಾಗ ಎದುರಿನವರ ಬಾಯಿಯನ್ನೇ ನೋಡುತ್ತಿರುತ್ತಿದ್ದರು. ಅತ್ತೆಯ ಒಂದು ದವಡೆಹಲ್ಲನ್ನು ಹಾಗೆಯೇ ಪತ್ತೆಹಚ್ಚಿ ಕೀಳಿಸಿಕೊಳ್ಳಲು ಹೇಳಿದ್ದರು.

ಚಾಚಾನ ಕಿವಿಯನ್ನು ಓಣಿಯ ಹೆಂಗಸರು ಒಮ್ಮೆ ಪರೀಕ್ಷೆ ಮಾಡಿದ್ದುಂಟು. ನಮ್ಮ ಹಿತ್ತಲಲ್ಲಿ ಸೀರೆಯ ಪರದೆ ಕಟ್ಟಿ, ಹಿಂದೆ ಒಬ್ಬೊಬ್ಬರೇ ಕೂತು ತಮ್ಮ ತಮ್ಮ ಮಣೆಯ ಮೇಲೆ ರೊಟ್ಟಿ ಬಡಿಯುವುದು. ಅತ್ತೆ ಮಾತ್ರ ತಮ್ಮ ಮಣೆ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದುಬಿಟ್ಟರು. ಮೊದಲ ಸಪ್ಪಳಕ್ಕೆ ಚಾಚಾ, ಇದು ಪಕ್ಕದ ಮನೆಯ ಶಾಂತವ್ವ, ಇವತ್ತು ಸೊಸೆಯ ಮೇಲೆ ಸಿಟ್ಟಾಗಿದ್ದಾರೆ ಎಂದರು. ಎರಡೂ ನಿಜವಾಗಿತ್ತು. ಆಮೇಲಿನ ಸರದಿ ನನ್ನದು. ನಾಲ್ಕು ಏಟು ಕೇಳಿ ಮರುಕದಿಂದ ಹೇಳಿದರು:

"ಇವರು ಕಾನ್ವೆಂಟ್ ಅಕ್ಕಾರು. ರೊಟ್ಟಿ ಬಡಿಯಂಗಿಲ್ರಿ ಇವರು. ಒಳಗ ಬರ್ಲೇನು ಅಂತ ಬಾಗಲಾ ತಟ್ಟಿ ಕೇಳ್ತಾರ."

ಮೂರನೆಯದಕ್ಕೆ ಬಹಳ ಹೊತ್ತು ತಲೆ ಓರೆ ಮಾಡಿ ನಿಂತು, ಬಡಿಯುತ್ತಿರುವುದು ಗಂಡಸು, ರೊಟ್ಟಿ ಆಗಲೇ ಹರಿದಿದೆ ಎಂದರು. ಶಾಂತವ್ವನ ಗಂಡ ಮೀಸೆಗೆ ಹಿಟ್ಟು ಮೆತ್ತಿಕೊಂಡು ಪರದೆಯಿಂದ ಹೊರಗೆ ಬಂದರು.

ಅಂಥ ಕಿವಿಯುಳ್ಳ ಚಾಚಾ ಹದಿನಾರು ವರ್ಷ ಆಸೆಪಟ್ಟದ್ದು ನಮ್ಮ ಅತ್ತೆ ಪಾರವ್ವನವರ ಮಣೆಗೆ. ತಾವು ಕೇಳಿದ ಸಾವಿರಾರು ಮಣೆಗಳಲ್ಲಿ ಅಂಥ ದನಿ ಇನ್ನೊಂದಕ್ಕಿಲ್ಲ, ಏಟು ಬಿದ್ದ ಮೇಲೂ ಒಳಗೊಳಗೇ ಗುಂಯ್ ಎನ್ನುತ್ತದೆ ಎನ್ನುತ್ತಿದ್ದರು. ಕಣ್ಣು ಮಂಜಾಗುತ್ತಿತ್ತು, ಸಣ್ಣ ತಂತಿ ಕಾಣುತ್ತಿರಲಿಲ್ಲ. ಇನ್ನೊಂದೇ ಗಿಟಾರು ಮಾಡುವುದು, ಅದು ಈ ಮಣೆಯದೇ ಆಗಬೇಕು, ಆಮೇಲೆ ಬರೀ ಮೋಟಾರು ಎಂದು ನಿರ್ಧರಿಸಿದ್ದರು. ಅದನ್ನು ಪುಣೆಯ ಡಾಕ್ಟರಿಗೆ ಕೊಡುವುದಾಗಿ ಮಾತು ಕೊಟ್ಟೂ ಆಗಿತ್ತು. ಅತ್ತೆಯ ಉತ್ತರ ಮಾತ್ರ ಬದಲಾಗಲಿಲ್ಲ. ಕೈ ನಡೆಯುವವರೆಗೆ ಕೊಡುವುದಿಲ್ಲ.

ಕೈ ನಿಲ್ಲುವ ಮೊದಲು ಮೊಣಕಾಲು ನಿಂತವು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಇನ್ನು ನೆಲಕ್ಕೆ ಕೂರಬಾರದೆಂದು ಹೇಳಿದರು. ಅಡುಗೆಮನೆಗೆ ಕಟ್ಟೆ ಬಂತು, ರೊಟ್ಟಿ ಪೂರ್ತಿ ನನ್ನ ಪಾಲಿಗೆ ಬಂತು. ಒಂದು ದಿನ ಅತ್ತೆ ಕುರ್ಚಿಯಲ್ಲಿ ಕೂತೇ ಕಿಟಕಿಯ ಕಡೆ ತಿರುಗಿ, "ಒಯ್ಯಿ ದಾವಲಸಾಬ," ಎಂದರು. ಟೊಪ್ಪಿಗೆ ಕಿಟಕಿ ಬಿಟ್ಟು ಬಾಗಿಲಿಗೆ ಬಂತು. ಚಾಚಾ ಮಣೆಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ, ಹತ್ತದೆ ನಡೆಸಿಕೊಂಡೇ ಹೋದರು.

ನಾಲ್ಕನೆಯ ದಿನ ಅದೇ ಟವೆಲ್ಲಿನಲ್ಲಿ ಮಣೆ ವಾಪಸು ಬಂತು. ಚಾಚಾ ಅದನ್ನು ಅತ್ತೆಯ ಕುರ್ಚಿಯ ಮುಂದೆ ಇಟ್ಟರು.

"ದೊಡ್ಡವ್ವಾರ, ಇದು ಮೂಕ ಆಗೇತ್ರಿ," ಎಂದರು.

ಅಂಗಡಿಯಲ್ಲಿ ಎಷ್ಟು ತಟ್ಟಿದರೂ ಅದು ಹಸಿ ಹಲಗೆಯ ಹಾಗೆ ಥಪ್ ಎನ್ನುತ್ತಿತ್ತಂತೆ. ಅತ್ತೆಯ ಕೈ ಬಿಟ್ಟ ದುಃಖಕ್ಕೆ ಮಾತು ನಿಂತಿರಬೇಕು ಎಂದು ಅವರ ಊಹೆ. ಒಂದೇ ಒಂದು ರೊಟ್ಟಿ ಬಡಿದು ನೋಡಬೇಕೆಂದು ಬೇಡಿಕೊಂಡರು. ನಾನೂ ಯಜಮಾನರೂ ಎರಡು ರಟ್ಟೆ ಹಿಡಿದು, ಹುಬ್ಬಳ್ಳಿಯ ಡಾಕ್ಟರ ಮಾತು ಮೀರಿ, ಅತ್ತೆಯನ್ನು ಹಳೆಯ ಜಾಗದಲ್ಲಿ ನೆಲಕ್ಕೆ ಕೂರಿಸಿದೆವು. ಹಿಟ್ಟು ಇಟ್ಟು ಮೊದಲ ಏಟು ಹಾಕಿದ್ದೇ ತಡ, ಮಣೆ ಗುಂಯ್ ಎಂದಿತು. ಚಾಚಾನ ಕಣ್ಣಲ್ಲಿ ನೀರು ಬಂತು.

ಅತ್ತೆಗೆ ಕಾಲು ಚಾಚಬೇಕಾಗಿ ಬಂದು ಮಣೆಯನ್ನು ಒಂದು ಮೊಳ ಆಚೆ ಸರಿಸಿದರು. ಥಪ್. ಚಾಚಾ ಮಣೆಯನ್ನು ಹಿಂದಕ್ಕೆ ಎಳೆದರು. ಗುಂಯ್. ಆಚೆಗೆ. ಥಪ್. ಆಮೇಲೆ ಅವರು ಟೊಪ್ಪಿಗೆ ತೆಗೆದು, ಫರ್ಸಿ ಕಲ್ಲಿನ ಮೇಲೆ ಬೋರಲು ಮಲಗಿ, ಕಿವಿ ಹಚ್ಚಿ ಗೆಣ್ಣಿನಿಂದ ನೆಲವನ್ನೇ ತಟ್ಟಿದರು. ಅವರ ಬೋಳುತಲೆಯನ್ನು ನಾನು ನೋಡಿದ್ದು ಅದೇ ಮೊದಲು.

"ಇದರ ಕೆಳಗ ಏನೈತ್ರಿ?"

"ಹಗೇವು," ಎಂದರು ಅತ್ತೆ. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲಮಾಳಿಗೆಯಂಥ ಗುಂಡಿ. ಅತ್ತೆ ಮದುವೆಯಾಗಿ ಬರುವ ಮೊದಲೇ ಬಾಯಿಗೆ ಫರ್ಸಿ ಹಾಕಿ ಮುಚ್ಚಿದ್ದರಂತೆ. "ಎರಡಾಳು ಆಳ ಐತಿ. ಖಾಲಿ. ನೀ ಕೇಳಿದ್ರ ಹೇಳತಿದ್ದೆ."

ಚಾಚಾ ಅಲ್ಲಿಯೇ ಕೂತುಬಿಟ್ಟರು. ಹದಿನಾರು ವರ್ಷ ತಾವು ಕಿಟಕಿಯಲ್ಲಿ ನಿಂತು ಕೇಳಿದ್ದು ಒಂದು ಗುಂಡಿಯನ್ನು. ಅದಕ್ಕಿಂತ ದೊಡ್ಡ ಸಂಕಟ ಚಹಾ ಕುಡಿಯುವಾಗ ಹೊರಗೆ ಬಂತು. ಉಳಿದ ಹನ್ನೊಂದು ಮಣೆಗಳ ಕೆಳಗೂ ಏನಿತ್ತೋ ಯಾರು ಬಲ್ಲರು? ಮೆಹಬೂಬಿಯವರ ಮಣೆಯ ಕೆಳಗೆ? ಅವರು ತೀರಿಕೊಂಡಿದ್ದರು, ಆ ಮನೆಯೂ ಬಿದ್ದುಹೋಗಿತ್ತು. ಮಣೆ ಮಾತು ಕಲಿಯುತ್ತದೆ ಎಂದು ನನ್ನಿಂದ ಬರೆಸಿದ ಚೀಟಿಗಳೆಲ್ಲ ಸುಳ್ಳಾಗಿರಬಹುದು. ಅವತ್ತೇ ಎಲ್ಲ ಸಂಗ್ರಹಕಾರರಿಗೂ ತಮ್ಮ ಹೆಸರಿನಲ್ಲಿ ಕಾಗದ ಬರೆಸಿದರು: ಮಾತಾಡಿದ್ದು ಮಣೆಯೋ ನೆಲವೋ ನನಗೀಗ ತಿಳಿಯುತ್ತಿಲ್ಲ, ಬೇಡವಾದವರು ಗಿಟಾರನ್ನು ಹೊಳ್ಳಿ ಕಳಿಸಬಹುದು, ತಪ್ಪು ನನ್ನದು. ಇಂಗ್ಲಿಷಿಗೆ ತಿರುಗಿಸುವಾಗ ನಾನು ತಪ್ಪನ್ನು ಸ್ವಲ್ಪ ಚಿಕ್ಕದು ಮಾಡಲು ನೋಡಿದೆ. ಓದಿ ಹೇಳಿಸಿಕೊಂಡು ಮತ್ತೆ ದೊಡ್ಡದು ಮಾಡಿಸಿದರು.

ಒಂದು ಗಿಟಾರೂ ವಾಪಸು ಬರಲಿಲ್ಲ. ಬೆಂಗಳೂರಿನವರು ಹಗೇವಿನ ಉದ್ದಗಲ ಕೇಳಿ ಬರೆದರು. ಗೋವಾದವರು ರೊಟ್ಟಿಯನ್ನು ಬಡಿಯುತ್ತಾರೆಂಬುದೇ ತಮಗೆ ಗೊತ್ತಿರಲಿಲ್ಲ, ಚೀಟಿಯಲ್ಲಿದ್ದ ಬಡಿತದ ಲೆಕ್ಕವನ್ನು ಹೆಂಗಸರ ಮೇಲಿನ ದೌರ್ಜನ್ಯವೆಂದು ತಿಳಿದು ಇಷ್ಟು ವರ್ಷ ಬೇಸರಪಟ್ಟಿದ್ದಾಗಿ ಬರೆದರು. ಪುಣೆಯ ಡಾಕ್ಟರಂತೂ ತಾವೇ ಬಂದರು. ಜೊತೆಗೆ ತಂದ ನೀಲವ್ವನನ್ನು ಸ್ಪೀಕರಿಗೆ ಜೋಡಿಸಿ, ಸ್ಪೀಕರನ್ನು ಹಗೇವಿನ ಫರ್ಸಿಯ ಮೇಲಿಟ್ಟು ದಪ್ಪನೆಯ ಒಂದು ತಂತಿ ಮೀಟಿದರು. ಗೋಡೆಯ ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳ ಮುಚ್ಚಳಗಳೆಲ್ಲ ಒಟ್ಟಿಗೆ ಮಾತಾಡಿದವು. ಡಾಕ್ಟರು ಕಣ್ಣು ಮುಚ್ಚಿ ಕೂತರು. ಆಮೇಲೆ, ಕಥೆ ಏನೇ ಇರಲಿ, ಪಾರವ್ವನ ಮಣೆಯ ಗಿಟಾರು ತಮಗೆ ಬೇಕೇ ಬೇಕು ಎಂದರು.

ಚಾಚಾ ತಲೆಯಾಡಿಸಿದರು. ಮೂಕ ಮಣೆಯಿಂದ ಗಿಟಾರು ಮಾಡಿ ಕೊಟ್ಟರೆ ಮೋಸ, ತಮ್ಮಿಂದಾಗದು. ಅತ್ತೆ ಕುರ್ಚಿಯಿಂದಲೇ ತಿರುಗಿದರು.

"ನಲವತ್ತಾರು ವರ್ಷ ನಾ ಬಡದದ್ದು ಮಣೀನ. ಹಗೇವಿನ ಮ್ಯಾಲ ಹಿಟ್ಟು ಇಟ್ಟಿಲ್ಲ. ಮೂಕ ಇದ್ರ ಮೂಕಾನ ಇರ್ಲಿ, ನೀ ಮಾಡು. ನನ್ನ ಹೆಸರಿಡು."

ಅದಕ್ಕೆ ಎದುರಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಚಾಚಾ ಎರಡನೆಯ ಸಲ ಮಣೆ ಒಯ್ದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಮೂರು ತಿಂಗಳ ಮೇಲೆ, ಅವರು ಸವಣೂರ ಪಾರವ್ವನನ್ನು ಪಾರವ್ವನಿಗೆ ತೋರಿಸಲು ತಂದ ದಿನ. ಅತ್ತೆಯ ಅಂಗೈ ಬಿದ್ದು ಬಿದ್ದು ಮಣೆಯ ನಡುವೆ ಸವೆದ ತಗ್ಗನ್ನು ಅವರು ಕೀಸಿ ಸಮ ಮಾಡಿರಲಿಲ್ಲ. ನುಡಿಸುವವರ ಮುಂಗೈ ಸರಿಯಾಗಿ ಅಲ್ಲಿ ಕೂರುವಂತೆ ಇಟ್ಟಿದ್ದರು. ಅಡುಗೆಮನೆಗೆ ಕಾಲಿಡಲಿಲ್ಲ, ಅಲ್ಲಿ ನುಡಿಸಿದರೆ ವಂಚನೆ ಎಂದು ಪಡಸಾಲೆಯಲ್ಲೇ ಸ್ಪೀಕರಿಗೆ ಜೋಡಿಸಿಕೊಂಡು ಕೂತರು. ಅವರಿಗೆ ನುಡಿಸಲು ಬರುತ್ತಿರಲಿಲ್ಲ. ಆರೂ ತಂತಿಗಳನ್ನು ಒಮ್ಮೆ ಎಳೆದು, ದನಿ ಪೂರ್ತಿ ಆರುವವರೆಗೆ ಕಾಯುತ್ತಿದ್ದರು. ಹಾಗೆ ಮೂರು ಸಲ ಮಾಡಿದರು.

"ಸುಮಾರೈತ್ರಿ ದೊಡ್ಡವ್ವಾರ."

"ಯಾಕ? ಏನಾಗೇತಿ ಅದಕ್ಕ?"

"ದುಂಡಸಿ ನೀಲವ್ವನ ಮುಂದ ಒಂದು ಕೈ ಕಡಿಮೀನರಿ."

ಅತ್ತೆಯ ಮೂಗು ಕೆಂಪಾಯಿತು. "ನೀಲವ್ವನ ರೊಟ್ಟಿ ತಿಂದೀಯೇನು ನೀ?"

"ತಿಂದೇನ್ರಿ."

"ಹೆಂಗಿದ್ವು?"

ಚಾಚಾ ಸುಳ್ಳು ಹೇಳುವವರಲ್ಲ. "ದಪ್ಪ ಇದ್ವು."

ಅತ್ತೆ ಕುರ್ಚಿಗೆ ಒರಗಿದರು. ಅವರ ಪಾಲಿಗೆ ಅಲ್ಲಿಗೆ ತೀರ್ಪು ಆಗಿತ್ತು. ಚಾಚಾನ ಪಾಲಿಗೆ ಆಗಿರಲಿಲ್ಲ. ಚೀಟಿಯಲ್ಲಿ "ದನಿ ಸುಮಾರು" ಎಂದೇ ನನ್ನಿಂದ ಬರೆಸಿ, ಒಣಗಲು ಊದಿ, ಗಿಟಾರಿನ ಜೊತೆ ಕಟ್ಟಿಕೊಂಡು ಹೋದರು.

ಪಾರ್ಸೆಲ್ ಪುಣೆ ಮುಟ್ಟಿ ಇನ್ನೂ ಹದಿನೈದು ದಿನವಾಗಿರಲಿಲ್ಲ, ಚಾಚಾ ಅಂಗಡಿಯಲ್ಲಿ ಅರ್ಧ ಸುತ್ತಿದ ಮೋಟಾರಿನ ಮುಂದೆ ಕೂತಲ್ಲೇ ತೀರಿಕೊಂಡರು. ಸುದ್ದಿ ತಿಳಿಯದ ಡಾಕ್ಟರಿಂದ ಮರುವಾರ ನನ್ನ ಫೋನಿಗೆ ಸಂದೇಶ ಬಂತು. ಮೂವತ್ತು ಗಿಟಾರುಗಳು ಗಾಜಿನ ಕಪಾಟಿನಲ್ಲಿವೆ, ಇದೊಂದು ಹೊರಗೆ ಇರುತ್ತದೆ. ದವಾಖಾನೆ ಮುಚ್ಚಿ ಬಂದು ದಿನವೂ ಎತ್ತಿಕೊಳ್ಳುವುದು ಇದನ್ನೇ. ಮುಂಗೈ ಆ ತಗ್ಗಿನಲ್ಲಿ ಕೂತರೆ ತಮಗೂ ನುಡಿಸಲು ಬರುತ್ತದೆ ಅನ್ನಿಸುತ್ತದೆ. ತಮ್ಮಲ್ಲಿರುವುದರಲ್ಲೆಲ್ಲ ಇದೇ ಒಳ್ಳೆಯದು, ದಯವಿಟ್ಟು ಚಾಚಾಗೆ ಹೇಳಿ.

ಅತ್ತೆಗೆ ಓದಿ ಹೇಳಿದೆ. ಅವರಿಗೆ ಅದು ಹೊಸ ಸುದ್ದಿಯೆನಿಸಲಿಲ್ಲ.

"ಅಂವ ಇರಬೇಕಾಗಿತ್ತು," ಎಂದರು. ಸೆರಗಿನ ಅಂಚು ತಿರುವುತ್ತ ಮತ್ತೆ ಹೇಳಿದರು, "ಇದ್ರೂ ಒಪ್ಪತಿದ್ದಿಲ್ಲ ಬಿಡು."