ಓರ್ಲಿಥಾಳ ಮೇಲೆ ನನ್ನ ಹೊಟ್ಟೆಕಿಚ್ಚು

ಹಳೆಯ ಕಾಗದಕ್ಕೊಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಮಿರಜಿನ ನಮ್ಮ ಓಣಿಯ ರದ್ದಿ ಅಂಗಡಿಯಲ್ಲಿ ಅದರ ಜತೆಗೆ ಸ್ವಲ್ಪ ಇಲಿಯ ವಾಸನೆಯೂ ಸೇರಿರುತ್ತದೆ. ಹೋದ ತಿಂಗಳು ಪೇಪರಿನ ಕಟ್ಟು ಹಾಕಲು ಹೋದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ. ತಕ್ಕಡಿಯ ಪಕ್ಕದ ರಾಶಿಯಲ್ಲಿ ಒಂದು ದಪ್ಪ ಪುಸ್ತಕ ಅಂಗಾತ ಬಿದ್ದಿತ್ತು. ಮುಖಪುಟದ ಮೇಲೆ ಹಸಿರು ಕಣ್ಣಿನ ಹುಡುಗಿ, ಕೈಯಲ್ಲಿ ಕತ್ತಿ, ಹಾರುವ ಕೂದಲು ಅರ್ಧ ಆಕಾಶವನ್ನೇ ಮುಚ್ಚಿತ್ತು. ಇಷ್ಟು ವರ್ಷಗಳಾದ ಮೇಲೂ ಅವಳನ್ನು ಕಂಡದ್ದೇ ತಡ, ಪುಸ್ತಕವನ್ನು ಬೋರಲು ಹಾಕಿದೆ. ಅವಳೇ ಓರ್ಲಿಥಾ. ನನ್ನ ಸವತಿ.

ಮದುವೆಯೇ ಆಗದವಳಿಗೆ ಸವತಿ ಎಲ್ಲಿಂದ ಬಂದಳು ಎಂದು ಕೇಳಬೇಡಿ. ಹೇಳುತ್ತೇನೆ, ಕೂತುಕೊಳ್ಳಿ.

ಮಿರಜಿನ ಒಂದು ದವಾಖಾನೆಯಲ್ಲಿ ಕೇಸ್ ಪೇಪರ್ ಬರೆಯುವ ಕಿಟಕಿಯ ಹಿಂದೆ ಕೂತು ನನ್ನ ನೌಕರಿ ಮುಗಿಯಿತು. ಅಥಣಿ, ಜಮಖಂಡಿ, ಮುಧೋಳದ ಕಡೆಯ ರೋಗಿಗಳು ಬಹಳ. ನನಗೆ ಕನ್ನಡ ಬರುತ್ತದೆಂದು ಗೊತ್ತಾದರೆ ಸಾಕು, ಅವರ ಜತೆ ಬಂದ ಮುದುಕಿಯರು ನನ್ನ ಕಿಟಕಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಒಳಗೆ ಮಗನ ಆಪರೇಶನ್ ನಡೆದಿರುವಾಗ ಹೊರಗೆ ಕೂತ ತಾಯಿ ಏನು ಮಾಡಬೇಕು? ಕಥೆ ಹೇಳುತ್ತಿದ್ದಳು. ಹಾಗೆ ಸಿಕ್ಕ ಕಥೆಗಳನ್ನೆಲ್ಲ ನಾನು ರವಿವಾರಕ್ಕೆಂದು ಕಾದಿಡುತ್ತಿದ್ದೆ. ರವಿವಾರ ಸಾಂಗಲಿಯಿಂದ ಪಲ್ಲವಿ ಬರುತ್ತಿದ್ದಳು.

ಪಲ್ಲವಿ ನನ್ನ ತಂಗಿಯ ಮಗಳು, ನಾನು ಅವಳ ಮಾವಶಿ, ಅಂದರೆ ದೊಡ್ಡಮ್ಮ. ಅವರದು ಅರಿಶಿನದ ವ್ಯಾಪಾರ. ಹುಡುಗಿಯ ಫ್ರಾಕು ಕೊಡವಿದರೆ ಒಂದು ಹೊತ್ತಿನ ಒಗ್ಗರಣೆಗೆ ಸಾಲುವಷ್ಟು ಪುಡಿ ಉದುರುತ್ತಿತ್ತು. ಕನ್ನಡವೆಲ್ಲ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಮರಾಠಿ. ಕಥೆ ಕೇಳಲು ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು: ಹೂಂ. ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕಥೆಯೂ ನಿಲ್ಲಬೇಕು, ಇದು ನಮ್ಮ ಕಡೆಯ ನೇಮ. ಮಂಚದ ಮೇಲೆ ಕಾಲು ಚಾಚಿ ಆ ಹುಡುಗಿ ಹೂಂ ಎನ್ನುತ್ತಿದ್ದರೆ ನನಗಿಂತ ದೊಡ್ಡ ಸಾಹುಕಾರತಿ ಜಿಲ್ಲೆಯಲ್ಲೇ ಇರಲಿಲ್ಲ.

ಆ ದಿನಗಳಲ್ಲಿ ಸಾಂಗಲಿ ಮಿರಜಿನ ಕಡೆಗೂ ಮಿರಜ ಸಾಂಗಲಿಯ ಕಡೆಗೂ ಬೆಳೆಯತೊಡಗಿದ್ದವು. ಸಿಟಿ ಬಸ್ಸಿನಿಂದ ಕಾಣುತ್ತಿದ್ದ ಹೊಲಗಳಲ್ಲಿ ಅಪಾರ್ಟಮೆಂಟುಗಳು ಎದ್ದವು, ಮೋಟಾರ್ ಸೈಕಲ್ಲಿನ ಶೋರೂಮುಗಳು ಬಂದವು, ಮನೆಮನೆಗೆ ಕೇಬಲ್ ಬಂತು. ಅದೇ ಗಾಳಿಯಲ್ಲಿ ಓರ್ಲಿಥಾಳ ಆ ಇಂಗ್ಲಿಷ್ ಪುಸ್ತಕವೂ ಬಂತು. ಪಲ್ಲವಿಯ ಗೆಳತಿಯೊಬ್ಬಳು ಪುಣೆಯಿಂದ ತರಿಸಿದ್ದಳಂತೆ. ಒಂದೇ ಪ್ರತಿಯನ್ನು ಇಡೀ ವರ್ಗ ಪಾಳಿ ಹಚ್ಚಿ ಓದಿತು. ಪೇಪರಿನವರದೂ ಹೊಗಳಿದ್ದೇ ಹೊಗಳಿದ್ದು. ಶಾಲೆ ಬಿಟ್ಟದ್ದೇ ಹುಡುಗಿಯರೆಲ್ಲ ಜಡೆ ಬಿಚ್ಚಿ ಕೂದಲು ಹಾರಲು ಬಿಡುತ್ತಿದ್ದರು ಎಂದು ತಂಗಿ ಗೋಳಾಡುತ್ತಿದ್ದಳು. ನನ್ನ ಗೋಳು ಬೇರೆ. ರವಿವಾರದ ಹೂಂ ತಡವಾಗತೊಡಗಿತ್ತು. ನಾನು ಹೇಳುವ ಕಥೆಯ ರಾಜಕುಮಾರಿ ಕಾಡಿನಲ್ಲಿ ಅಳುತ್ತ ಕೂತರೆ, ಓರ್ಲಿಥಾ ಹೀಗೆಲ್ಲ ಅಳುವುದಿಲ್ಲ ಎಂದು ಇವಳ ತಕರಾರು. ಕಡೆಗೊಂದು ದಿನ ಎದ್ದು ಕೂತು, "ಮಾವಶಿ, ಇವತ್ತ ನಾ ಹೇಳತೇನಿ. ನೀ ಹೂಂ ಅನ್ನು" ಎಂದಳು.

ನನ್ನ ಇಂಗ್ಲಿಷು ರೋಗಿಯ ಹೆಸರು, ವಯಸ್ಸು, ಎಲ್ಲಿ ನೋವು, ಇಷ್ಟಕ್ಕೇ ಮುಗಿಯುತ್ತದೆ. ಮರಾಠಿ ಬರುತ್ತದೆ, ಆದರೆ ನನ್ನ ಮನೆಯಲ್ಲಿ ಕಥೆ ಎಂದರೆ ಕನ್ನಡದ್ದೇ ಎಂದು ಹಟ ಹಿಡಿದೆ, ಹಾಗಾಗಿ ಅವಳು ಕನ್ನಡದಲ್ಲೇ ಹೇಳಬೇಕಾಯಿತು. ತಡವರಿಸಿದಲ್ಲೆಲ್ಲ ಮರಾಠಿಯನ್ನು ಊರಿಕೊಂಡು ದಾಟುತ್ತಿದ್ದಳು. ನಾನು ಕಷಾಯ ಕುಡಿದವಳಂತೆ ಹೂಂ ಎನ್ನುತ್ತಿದ್ದೆ. ಓರ್ಲಿಥಾ ಏಳು ಕೋಟೆ ಗೆಲ್ಲಲು ಹೊರಟವಳು. ಮೊದಲ ಕೋಟೆಯ ಕಾವಲುಗಾರನ ಮೇಲೆ ಕತ್ತಿ ಎತ್ತುವ ಮೊದಲು, ಊಟವಾಯಿತೇ ಎಂದು ಕೇಳುತ್ತಾಳೆ, ಅವನು ಅತ್ತುಬಿಡುತ್ತಾನೆ. ಎರಡನೆಯ ಕೋಟೆಯಲ್ಲಿ ಅವಳನ್ನು ನೆಲಮಾಳಿಗೆಗೆ ನೂಕುತ್ತಾರೆ. ಕೀಲಿಕೈ ಕಾವಲುಗಾರನ ಸೊಂಟದಲ್ಲಿದೆ. ಅವಳು ಅವನಿಗೆ ಕಥೆ ಶುರು ಮಾಡಿ ಹೂಂಗುಟ್ಟಲು ಹಚ್ಚುತ್ತಾಳೆ. ಹೂಂ ಮೆಲ್ಲಗಾಗುತ್ತದೆ, ಆಮೇಲೆ ನಿಲ್ಲುತ್ತದೆ. ಸರಳಿನ ಸಂದಿಯಿಂದ ಕೈ ಚಾಚಿ ಕೀಲಿಕೈ ತೆಗೆದುಕೊಳ್ಳುತ್ತಾಳೆ.

ನಾನು ದಂಗಾದೆ. ಇಂಗ್ಲಿಷರ ದೇಶದಲ್ಲೂ ಕಥೆಗೆ ಹೂಂ ಎನ್ನುತ್ತಾರೆ ಎಂದು ನಂಬಿಯೇಬಿಟ್ಟೆ. ನಗಬೇಡಿ, ಇದನ್ನು ದವಾಖಾನೆಯಲ್ಲಿ ವಿಲಾಯತಿಗೆ ಹೋಗಿ ಬಂದ ಡಾಕ್ಟರೊಬ್ಬರಿಗೂ ಹೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ ಮುಂದಿನ ರೋಗಿಯ ಕೇಸ್ ಪೇಪರ್ ಕೇಳಿದರು. ಹೊಟ್ಟೆಕಿಚ್ಚು ಎಂದರೆ ಅದು. ನೂರಾರು ಮುದುಕಿಯರಿಂದ ಕೇಳಿ ಕೂಡಿಟ್ಟ ನನ್ನ ಗಂಟಿನಲ್ಲಿ ಅಂಥ ಒಬ್ಬ ಹುಡುಗಿಯೂ ಇರಲಿಲ್ಲ. ಇನ್ನು ನನ್ನ ಕಥೆ ಯಾರಿಗೆ ಬೇಕು ಎಂದು ನಾನು ಹೇಳುವುದನ್ನೇ ಬಿಟ್ಟೆ. ಓರ್ಲಿಥಾ ಮೂರನೆಯ ಕೋಟೆಯ ಬಾಗಿಲಿಗೆ ಬಂದು ನಿಂತಳು. ಪಲ್ಲವಿಯೂ ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಹತ್ತನೆಯ ವರ್ಗ, ಟ್ಯೂಶನ್ನು, ಕಾಲೇಜು. ರವಿವಾರಗಳು ಎಲ್ಲರ ಮನೆಯಂತೆ ನಮ್ಮ ಮನೆಯಲ್ಲೂ ಬಟ್ಟೆ ಒಗೆಯುವ ದಿನಗಳಾದವು.

ರದ್ದಿ ಅಂಗಡಿಯ ಆ ಪುಸ್ತಕ ಮರಾಠಿ ಅನುವಾದ. ಮನೆಗೆ ತಂದದ್ದು ಮೂರನೆಯ ಕೋಟೆಯಲ್ಲಿ ಏನಾಯಿತೆಂದು ತಿಳಿಯುವ ಆಸೆಗೆ. ಓದಿದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಯಾರನ್ನೂ ಊಟವಾಯಿತೇ ಎಂದು ಆ ಹುಡುಗಿ ಕೇಳುವುದಿಲ್ಲ. ಕನ್ನಡಿ ಸಿಕ್ಕಲ್ಲೆಲ್ಲ ನಿಲ್ಲುತ್ತಾಳೆ. ಅವಳ ಕಣ್ಣಿನ ಹಸಿರನ್ನು ಲೇಖಕರು ಪುಟ ಬಿಟ್ಟು ಪುಟಕ್ಕೆ ಬಣ್ಣಿಸುತ್ತಾರೆ. ಇಬ್ಬರು ಹುಡುಗರಲ್ಲಿ ಯಾರನ್ನು ಒಪ್ಪಬೇಕೆಂದು ನಿಟ್ಟುಸಿರು ಬಿಡುವುದರಲ್ಲೇ ಅರ್ಧ ಪುಸ್ತಕ ತೀರುತ್ತದೆ. ನೆಲಮಾಳಿಗೆಯ ಬಾಗಿಲು ಒಬ್ಬನ ಉಂಗುರ ಹೊಳೆದ ಕೂಡಲೇ ತಾನಾಗಿ ತೆರೆಯುತ್ತದೆ. ಹೂಂ ಎನ್ನುವ ಕಾವಲುಗಾರನಿಲ್ಲ. ಮೂರನೆಯ ಕೋಟೆ ಎಲ್ಲಿ ಬಂತು, ಇರುವುದೇ ಒಂದು ಕೋಟೆ! ಇವಳಿಗಾಗಿಯೇ ನಾನು ಇಷ್ಟು ವರ್ಷ ಉರಿದದ್ದು? ಹೊಟ್ಟೆಕಿಚ್ಚು ಪಡಲಿಕ್ಕಾದರೂ ಎದುರಿನವರಿಗೆ ಒಂದು ಯೋಗ್ಯತೆ ಬೇಡವೇ?

ಹೋದ ವಾರ ಪಲ್ಲವಿ ಗಂಡನ ಊರು ಕೊಲ್ಲಾಪುರದಿಂದ ಅತ್ತೆಯನ್ನು ಕಣ್ಣಿನ ಡಾಕ್ಟರರಿಗೆ ತೋರಿಸಲು ಮಿರಜಿಗೆ ಬಂದಿದ್ದಳು. ಕಣ್ಣಿಗೆ ಔಷಧ ಹಾಕಿಸಿಕೊಂಡ ಅತ್ತೆ ನಮ್ಮ ಮನೆಯ ಒಳಕೋಣೆಯಲ್ಲಿ ಮಲಗಿದ್ದರು. ನಾನು ಪುಸ್ತಕವನ್ನು ಅವಳ ಮುಂದಿಟ್ಟು, "ಅಕಿ ಎಲ್ಲಿ ಅದಾಳ ಇದರಾಗ? ನೀ ಹೇಳಿದಾಕಿ?" ಎಂದೆ.

ಅವಳು ಪುಸ್ತಕ ತಿರುವಿ ಹಾಕಿ ನಕ್ಕಳು. "ನಾನಽ ಇದನ್ನ ಪೂರಾ ಓದಿಲ್ಲ, ಮಾವಶಿ. ಬ್ಯಾಸರಾಗಿ ಬಿಟ್ಟೆ. ವರ್ಗದಾಗ ಎಲ್ಲಾರೂ ಹೊಗಳತಿದ್ರು, ನನಗ ಸೇರಲಿಲ್ಲ ಅಂತ ಯಾರ ಮುಂದ ಹೇಳಲಿ? ನಿನ್ನ ಮುಂದ ಹೇಳುವಾಗ ಅಕಿನ್ನ ನನಗ ಬೇಕಾದಂಗ ಮಾಡಕೊಂಡೆ."

"ಹಂಗಾದ್ರ ಮೂರನೇ ಕೋಟಿ ಮುಂದ ಯಾಕ ನಿಲ್ಲಿಸಿದಿ?"

"ಮುಂದ ನನಗ ತಿಳೀಲಿಲ್ಲ. ನೀ ಹೇಳತಿ ಅಂತ ಕಾದೆ. ನೀ ಬರೇ ಹೂಂ ಅಂದಿ."

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಕಾಗದದ ಹುಡುಗಿಯ ಮೇಲಿನ ಕಿಚ್ಚು ಆರಿತು ಎನ್ನುವಷ್ಟರಲ್ಲಿ ಎದುರಿಗೆ ಕೂತವಳ ಮೇಲೆ ಹೊಸದೊಂದು ಹೊತ್ತಿಕೊಂಡಿತ್ತು. ಹದಿಮೂರರ ಪೋರಿ, ಬಾರದ ಭಾಷೆಯಲ್ಲಿ, ನನಗಿಂತ ಚೆನ್ನಾಗಿ ಕಥೆ ಕಟ್ಟಿದ್ದಳಲ್ಲ! ಅವಳು ಮಂಚದ ಮೇಲೆ ಕಾಲು ಚಾಚಿಕೊಂಡಳು, ಕಾಯುವವಳ ಹಾಗೆ. ನಾನು ಚಹಾದ ಬಟ್ಟಲು ಸರಿಸಿ ಶುರು ಮಾಡಿದೆ. ಮೂರನೆಯ ಕೋಟೆಯ ಬಾಗಿಲಲ್ಲಿ ಒಬ್ಬಳು ಮುದುಕಿ ಬಹಳ ಕಾಲದಿಂದ ಕೂತಿದ್ದಳು. ಓರ್ಲಿಥಾ ಹತ್ತಿರ ಬಂದದ್ದೇ ಎದ್ದು ನಿಂತು, ಅವಳ ಕೈಯಿಂದ ಕತ್ತಿ ಕಸಿದುಕೊಂಡು, ತಾನೇ ಮುಂದಾಗಿ ಒಳಗೆ ನಡೆದಳು. ಹಸಿರು ಕಣ್ಣಿನವಳು ಬೇಕಾದರೆ ಹಿಂದೆ ಬರಲಿ.