ಮೀನಕ್ಕನ ಬೇಸಿನ್ನಿನಲ್ಲಿ ಬೆಳೆದ ಮೀಸೆಮರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಿಟಕಿಯ ಕೆಳಗೆ, ಸ್ಟೂಲಿನ ಮೇಲಿಟ್ಟ ಬಿಳಿ ಬೇಸಿನ್ನಿನ ಮುಂದೆ ಆಕೆ ಮೊಣಕಾಲೂರಿ ಕುಳಿತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೂಸುಗಳಿಗೆ ಔಷಧಿ ಹಾಕುವಂಥ ಡ್ರಾಪರ್. ನೀರಿನ ತಳಕ್ಕಿಳಿದ ನಿನ್ನೆಯ ಆಹಾರದ ಚೂರುಗಳನ್ನು ಹೀರಿ ಹೀರಿ ಲೋಟಕ್ಕೆ ಬಿಡುತ್ತಾರೆ. ಒಂದು ಚೂರು ಮಾತ್ರ ಡ್ರಾಪರ್ ಹತ್ತಿರ ಬಂದೊಡನೆ ಸರಕ್ಕನೆ ಪಕ್ಕಕ್ಕೆ ಜಾರುತ್ತದೆ. ಜೀರಿಗೆ ಕಾಳಿನಷ್ಟು ಉದ್ದ, ಬೂದು ಮೈ, ಮೈಗಿಂತ ದೊಡ್ಡದೆನಿಸುವ ರೆಕ್ಕೆ. ಬಾಯಿಯ ಹತ್ತಿರ ಕೂದಲೆಳೆಗಿಂತ ಸಣ್ಣ ಮೀಸೆ.

"ಗಂಡೋ ಹೆಣ್ಣೋ ಆಮೇಲೆ ನೋಡೋಣ. ಮೀಸೆ ಮಾತ್ರ ಈಗ್ಲೇ ಬಂದುಬಿಟ್ಟಿದೆ," ಎಂದು ಆಕೆ ನಗುತ್ತಾರೆ. ಇದು ಕ್ಯಾಟ್‌ಫಿಶ್ ಮರಿ, ಅಷ್ಟು ಖಾತ್ರಿ. ಯಾವ ಬಗೆಯ ಕ್ಯಾಟ್‌ಫಿಶ್ ಎಂಬುದು ಆಕೆಗಿನ್ನೂ ಗೊತ್ತಾಗಿಲ್ಲ. ಅದು ಗೊತ್ತಾಗುವುದನ್ನೇ ಎರಡು ಬೀದಿಯಾಚೆಯ ಒಂದು ಮನೆ ಉಸಿರು ಬಿಗಿಹಿಡಿದು ಕಾಯುತ್ತಿದೆ.

ಆಕೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಸುತ್ತಲಿನ ಬೀದಿಗಳಿಗೆಲ್ಲ ಆಕೆ ಮೀನಕ್ಕ. ಮನೆಗಳಲ್ಲಿರುವ ಗಾಜಿನ ಮೀನುತೊಟ್ಟಿಗಳನ್ನು ತೊಳೆದು, ನೀರು ಬದಲಿಸಿ, ಮೀನುಗಳ ಮೈ ನೋಡಿ ಬರುವುದು ಕೆಲಸ. ದಿನಕ್ಕೆ ನಾಲ್ಕೈದು ಮನೆ. ಎರಡು ಬಕೆಟ್, ಉದ್ದನೆಯ ಪೈಪು, ಸವೆದ ಹಲ್ಲುಜ್ಜುವ ಬ್ರಷ್ಷು, ಇಷ್ಟೇ ಸಾಮಾನು. ನೀರಿನ ಭಾರ ಹೊತ್ತವರಿಗೇ ಗೊತ್ತು. ಮೂರನೇ ಮಹಡಿಯ ಮನೆಯಿದ್ದ ದಿನ ಸೊಂಟ ಸಂಜೆಯವರೆಗೂ ಹಿಡಿದೇ ಇರುತ್ತದೆ. ಒಂದು ಕಟ್ಟಡದಲ್ಲಂತೂ, ಒದ್ದೆ ಬಕೆಟ್ ತಂದರೆ ಲಿಫ್ಟ್ ಹಾಳಾಗುತ್ತದೆಂದು ಕಾವಲುಗಾರ ಆಕೆಯನ್ನು ಮೆಟ್ಟಿಲ ಕಡೆಗೇ ಕಳಿಸುತ್ತಾನೆ.

ಮೊದಲು ಆಕೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಸೋಪಿನ ಪುಡಿ ಬೆರಳ ಚರ್ಮ ತಿಂದುಹಾಕಿತ್ತು. ಗಂಡ ತೀರಿಕೊಂಡ ವರ್ಷವೇ ಹಾಸ್ಟೆಲೂ ಮುಚ್ಚಿತು. ಮನೆಯಲ್ಲಿ ಉಳಿದವರು ಆಕೆ ಮತ್ತು ಅತ್ತೆ. ಆಗ ಅಲಂಕಾರದ ಮೀನು ಮಾರುವ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಸಿಕ್ಕಿತು. ಮೊದಲ ದಿನವೇ ಅಂಗಡಿಯವರು ಆಕೆಯ ಕೈಯಿಂದ ಸೋಪು ಕಿತ್ತುಕೊಂಡರಂತೆ. "ನಮ್ಮ ಕಣ್ಣಿಗೆ ಕ್ಲೀನ್ ಅನ್ನೋದು ಬೇರೆ, ಮೀನಿನ ಮೈಗೆ ಕ್ಲೀನ್ ಅನ್ನೋದು ಬೇರೆ. ಅವತ್ತು ಕಲಿತದ್ದು ಅದು. ಮಿಕ್ಕಿದ್ದೆಲ್ಲ ಮೀನುಗಳೇ ಹೇಳಿಕೊಟ್ಟವು," ಎನ್ನುತ್ತಾರೆ. ಸೊಸೆ ಈ ಕೆಲಸಕ್ಕೆ ಹೊರಟಾಗ ಅತ್ತೆ ಮೂಗು ಮುರಿದಿದ್ದರು. "ಜನರ ಮನೆ ತೊಳೆಯೋರನ್ನ ನೋಡಿದ್ದೆ, ಮೀನಿನ ಮನೆ ತೊಳೆಯೋರು ಅಂತ ಇವಳನ್ನೇ ನೋಡಿದ್ದು" ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಹೇಳುವ ಧಾಟಿ ಮಾತ್ರ ಬದಲಾಗಿದೆ.

ಎರಡು ಬೀದಿಯಾಚೆಯ ಮನೆ ಅಕ್ಕತಂಗಿಯರದು. ಅಕ್ಕ ನಿವೃತ್ತ ನರ್ಸು, ತಂಗಿಗೆ ಬೇಕರಿಯಲ್ಲಿ ಕೆಲಸ. ಮೀನಕ್ಕ ಅವರನ್ನು ದೊಡ್ಡಕ್ಕ, ಚಿಕ್ಕಕ್ಕ ಎನ್ನುತ್ತಾರೆ. ದೊಡ್ಡಕ್ಕನ ತೊಟ್ಟಿಯಲ್ಲಿ ಪಾಂಡಾ ಕೋರಿ ಎಂಬ ಪುಟ್ಟ ಕ್ಯಾಟ್‌ಫಿಶ್‌ಗಳಿದ್ದವು. ತಿಳಿ ಬಣ್ಣದ ಮೈ, ಕಣ್ಣಿಗೆ ಕಾಡಿಗೆ ಮೆತ್ತಿದಂಥ ಕಪ್ಪು ಪಟ್ಟೆ, ಬೆನ್ನಿನ ರೆಕ್ಕೆಗೂ ಬಾಲದ ಬುಡಕ್ಕೂ ಅದೇ ಕಪ್ಪು. ಆಸ್ಪತ್ರೆಯ ದಿನಗಳಲ್ಲಿ ಡ್ಯೂಟಿ ಮುಗಿಸಿ ಬಂದವರು ಮೊದಲು ಅವುಗಳ ಮುಂದೆ ಕೂತು, ಆಮೇಲೆ ಚಪ್ಪಲಿ ಬಿಚ್ಚುತ್ತಿದ್ದರಂತೆ.

ಒಂದು ಬೆಳಿಗ್ಗೆ ಕಪಾಟಿನ ಹಿಂದೆ ಇರುವೆ ಸಾಲು ಕಂಡು ಚಿಕ್ಕಕ್ಕ ಕೀಟನಾಶಕ ಸಿಂಪಡಿಸಿದರು. ತೊಟ್ಟಿಗೆ ಗಾಳಿ ಊದುವ ಪಂಪು ಅಲ್ಲೇ ಇತ್ತು. ಅದು ವಿಷದ ಗಾಳಿಯನ್ನೇ ಎಳೆದು ನೀರಿಗೆ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಒಂದು ಮೀನೂ ಉಳಿದಿರಲಿಲ್ಲ. ಸುದ್ದಿ ಕೇಳಿ ಮೀನಕ್ಕ ಓಡಿದಾಗ ದೊಡ್ಡಕ್ಕ ಗೋಡೆ ನೋಡುತ್ತ ಕೂತಿದ್ದರು. ಹಿಟ್ಟು ಮೆತ್ತಿದ ಕೈಯಲ್ಲೇ ಬೇಕರಿಯಿಂದ ಬಂದ ಚಿಕ್ಕಕ್ಕ ಬಾಗಿಲಲ್ಲಿ ನಿಂತಿದ್ದರು.

"ತೊಟ್ಟಿ ಬಿಚ್ಚಿ ತಗೊಂಡು ಹೋಗಿ ಮೀನಕ್ಕ. ಈ ಮನೇಲಿ ಇನ್ನು ಅದು ಬೇಡ," ಎಂದರು ದೊಡ್ಡಕ್ಕ.

"ಮೊದಲು ತೊಳೀತೀನಿ. ಬಿಚ್ಚೋದು ಆಮೇಲೆ ನೋಡೋಣ," ಎಂದು ಮೀನಕ್ಕ ಮಾತು ಮುಂದೂಡಿದರು. ಅಂದಿನಿಂದ ಆ ಮನೆಯಲ್ಲಿ ಅಕ್ಕತಂಗಿಯರ ನಡುವೆ ಮಾತು ನಿಂತುಹೋಯಿತು. ಊಟ ಬಡಿಸುವ ಸದ್ದೊಂದೇ.

ಈ ಅನಾಹುತದ ಹಿಂದಿನ ದಿನ ಮೀನಕ್ಕ ಆ ತೊಟ್ಟಿಯ ಗಿಡಗಳಲ್ಲಿ ಹೆಚ್ಚಾಗಿ ಬೆಳೆದ ಎಲೆಗಳನ್ನು ಕತ್ತರಿಸಿ ಬಕೆಟಿಗೆ ಹಾಕಿ ತಂದಿದ್ದರು. ಅದೇ ಬಕೆಟಿನಲ್ಲಿ ಒಬ್ಬ ದರ್ಜಿಯ ಮನೆಯ ತೊಟ್ಟಿಯ ಎಲೆಗಳೂ ಇದ್ದವು. ಗಲಾಟೆಯಲ್ಲಿ ಬಕೆಟು ಬಾಲ್ಕನಿಯಲ್ಲೇ ಉಳಿಯಿತು. ವಾರ ಕಳೆದು ಚೆಲ್ಲಲೆಂದು ವಾರೆ ಮಾಡಿದಾಗ ಕೊಳೆತ ಎಲೆಯಡಿ ಏನೋ ಮಿಸುಕಿತು. ಎಲೆಗೆ ಅಂಟಿದ್ದ ಮೊಟ್ಟೆಗಳಲ್ಲಿ ಉಳಿದವು ಬೂಷ್ಟು ಹಿಡಿದಿದ್ದವು. ಒಂದೇ ಒಂದು ಒಡೆದು ಮರಿಯಾಗಿತ್ತು.

ತೊಡಕು ಇರುವುದು ಇಲ್ಲೇ. ದರ್ಜಿಯ ತೊಟ್ಟಿಯಲ್ಲೂ ಕೋರಿಗಳಿವೆ, ಆದರೆ ಕಂಚು ಬಣ್ಣದವು. ಎಳೆಯದರಲ್ಲಿ ಎರಡೂ ಒಂದೇ ಥರ, ಬೂದು ಮೈಮೇಲೆ ಚೆಲ್ಲಾಪಿಲ್ಲಿ ಕಪ್ಪು ಚುಕ್ಕೆ. ಮರಿಯ ವಿಷಯ ತಿಳಿದ ದೊಡ್ಡಕ್ಕ ಕೇಳಿದ್ದು ಒಂದೇ ಮಾತು: "ನಮ್ಮವುಗಳದ್ದಾ?"

"ಗೊತ್ತಿಲ್ಲ ದೊಡ್ಡಕ್ಕ. ಬಣ್ಣ ಕೂಡಲಿ, ಹೇಳ್ತೀನಿ."

ಅತ್ತೆಗೆ ಇದು ಸರಿಬರಲಿಲ್ಲ. "ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಪಾಪ, ಸಮಾಧಾನ ಆದ್ರೂ ಆಗ್ತಿತ್ತು."

"ನಾಳೆ ಬೇರೆ ಬಣ್ಣ ಬಂದ್ರೆ ಅತ್ತೆ? ಆ ಮನೇಲಿ ಒಂದು ಸಲ ಸಾವಾಗಿದೆ. ಇನ್ನೊಂದು ಸಾವು ನಾನ್ಯಾಕೆ ತಗೊಂಡು ಹೋಗಲಿ?"

ಮರಿಯ ಆರೈಕೆ ಕೂಸಿನ ಬಾಣಂತನಕ್ಕಿಂತ ಕಡಿಮೆಯದಲ್ಲ. ಉಪ್ಪುನೀರಿನ ಬಾಟಲಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಗಡಿಮರಿಗಳನ್ನು ಹುಟ್ಟಿಸಿ, ಸಿಹಿನೀರಲ್ಲಿ ತೊಳೆದು ಉಣಿಸಬೇಕು. ಬೇಸಿನ್ನಿನ ತಳಕ್ಕೆ ನುಣುಪು ಮರಳೇ ಆಗಬೇಕು, ಒರಟು ಕಲ್ಲಿಗೆ ಮೀಸೆ ಸವೆದುಹೋಗುತ್ತದೆ. ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಬೀಳುವುದರಿಂದ ಎತ್ತುವುದೇನಿದ್ದರೂ ಲೋಟದಲ್ಲಿ. ನಲ್ಲಿ ನೀರನ್ನು ಒಂದು ದಿನ ಹಾಗೇ ಬಿಟ್ಟು, ಕ್ಲೋರಿನ್ನಿನ ಘಾಟು ಹೋದಮೇಲೆ ಬಳಸಬೇಕು.

ಒಂದು ಸಂಜೆ ಮನೆಗೆ ಬಂದಾಗ ಮರಿ ಪಕ್ಕೆಯ ಮೇಲೆ ಬಿದ್ದಿತ್ತು. ನೀರು ಕಡಿಮೆಯಾಯಿತೆಂದು ಅತ್ತೆ ಅಕ್ಕರೆಯಿಂದ ನಲ್ಲಿಯಿಂದಲೇ ನೀರು ತುಂಬಿದ್ದರು. ಮೀನಕ್ಕ ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರಿಗೆ ಅದನ್ನು ಬದಲಿಸಿ, ಅಲುಗದೆ ಕೂತರು. ಮರಿ ಎದ್ದು, ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ಕುಡಿದು ಕೆಳಗಿಳಿಯಿತು. ಕೋರಿಗಳು ಹಾಗೆಯೇ ಗಾಳಿ ಕುಡಿಯುವುದು. ಅಲ್ಲಿಯವರೆಗೆ ಅತ್ತೆಯ ಕೈ ಸೊಸೆಯ ಹೆಗಲ ಮೇಲೇ ಇತ್ತು.

ಮಾರನೆಯ ದಿನ ಇದನ್ನು ಕೇಳಿದ ದೊಡ್ಡಕ್ಕ, "ಅತ್ತೆಗೆ ಏನಂದ್ರಿ?" ಎಂದರು.

"ಏನನ್ನಲಿ? ಬದುಕಲಿ ಅಂತಲೇ ಅವರು ನೀರು ಹಾಕಿದ್ದು."

ದೊಡ್ಡಕ್ಕ ಸೆರಗಿನ ಅಂಚು ಮಡಚುತ್ತ ಕೂತರು.

ಮರಿ ಬೆರಳ ಗಿಣ್ಣಿನಷ್ಟಾಗುತ್ತದೆ. ಮೈಮೇಲಿನ ಚುಕ್ಕೆಗಳು ಒಂದೊಂದಾಗಿ ಮಾಸುತ್ತವೆ. ಕಣ್ಣಿನ ಸುತ್ತ ಕಪ್ಪು ಕೂಡುತ್ತದೆ, ಮೀನಕ್ಕ ಬಾಯಿ ಬಿಡುವುದಿಲ್ಲ. ಬೆನ್ನಿನ ರೆಕ್ಕೆಗೆ ಕಪ್ಪು ಏರುತ್ತದೆ, ಆಗಲೂ ಇಲ್ಲ. ಬಾಲದ ಬುಡದಲ್ಲಿ ಉಂಗುರದಂಥ ಮಚ್ಚೆ ಗಟ್ಟಿಯಾಗಿ ನಿಂತ ಬೆಳಿಗ್ಗೆ ಆಕೆ ಅತ್ತೆಯನ್ನು ಎಬ್ಬಿಸಿ ತೋರಿಸುತ್ತಾರೆ, ಮುಖ ತೊಳೆದು ಲೋಟ ಹಿಡಿದು ಹೊರಡುತ್ತಾರೆ.

ಅಕ್ಕತಂಗಿಯರ ಮನೆಯ ತೊಟ್ಟಿ ಬಿಚ್ಚಿಲ್ಲ, ಬಿಚ್ಚಿ ಎಂದು ದೊಡ್ಡಕ್ಕ ಮತ್ತೆ ಕೇಳಿಲ್ಲ. ಮೀನಕ್ಕ ಅದನ್ನು ಮತ್ತೆ ಮತ್ತೆ ತೊಳೆದು, ಮರಳು, ಪಂಪು, ಪೈಪು ಎಲ್ಲ ಹೊಸದು ಹಾಕಿ, ಅಂಗಡಿಯಿಂದ ತಂದ ಪಾಂಡಾ ಕೋರಿಗಳನ್ನು ಹೋದ ವಾರವೇ ಬಿಟ್ಟು ನೋಡಿದ್ದಾರೆ. ಇದು ಒಂಟಿಯಾಗಿ ಬಾಳುವ ಮೀನಲ್ಲ. ದೊಡ್ಡಕ್ಕ ಕನ್ನಡಕ ಹಾಕಿಕೊಂಡು ಲೋಟದೊಳಗೆ ಇಣುಕುತ್ತಾರೆ.

"ನಿಮ್ಮದೇ ದೊಡ್ಡಕ್ಕ," ಎನ್ನುತ್ತಾರೆ ಮೀನಕ್ಕ.

ದೊಡ್ಡಕ್ಕ ಅಡುಗೆಮನೆಯ ಕಡೆ ತಿರುಗುತ್ತಾರೆ. "ಬಾರೇ ಇಲ್ಲಿ. ನಮ್ಮದೇ ಅಂತೆ. ನೀನೇ ಬಿಡು."

ಚಿಕ್ಕಕ್ಕ ಮೊಣಕೈವರೆಗೂ ಕೈ ತೊಳೆದು ಬರುತ್ತಾರೆ. ಲೋಟವನ್ನು ತೊಟ್ಟಿಯ ಮೇಲೆ ವಾಲಿಸುತ್ತಾರೆ. ಅಕ್ಕ ಕೆಳಗಿನಿಂದ ಅಂಗೈ ಆನಿಸುತ್ತಾರೆ. ಮರಿ ಮರಳಿಗಿಳಿದು, ಮೀಸೆಯಿಂದ ನೆಲ ತಡವುತ್ತ ದೊಡ್ಡ ಮೀನುಗಳ ನಡುವೆ ಸೇರಿಕೊಳ್ಳುತ್ತದೆ.

ಮೀನಕ್ಕನಿಗೆ ಅಲ್ಲಿ ನಿಲ್ಲಲು ಪುರುಸೊತ್ತಿಲ್ಲ, ಇನ್ನೂ ಮೂರು ಮನೆ ಬಾಕಿ. ಮೆಟ್ಟಿಲಿಳಿಯುತ್ತ, ಖಾಲಿ ಲೋಟವನ್ನು ಬಕೆಟಿಗೆ ಹಾಕುತ್ತ ಹೇಳುತ್ತಾರೆ: "ಅಷ್ಟು ದಿನ ಗೊತ್ತಿಲ್ಲ ಗೊತ್ತಿಲ್ಲ ಅಂದೆ, ಅವರಿಗೂ ಬೇಜಾರು, ನನಗೂ ಬೇಜಾರು. ಇವತ್ತು ನಿಮ್ಮದೇ ಅಂದಾಗ ಮಾತ್ರ, ನಿಜವಾ ಅಂತ ಯಾರೂ ಕೇಳಲಿಲ್ಲ ನೋಡಿ."