ಬಂದರಿನಲ್ಲಿ ಬಾಯಿ ತೆರೆಯದ ಅತ್ತೆ

ಸ್ನೇಹಿತರೇ, ಇವತ್ತು ಚೆನ್ನೈ ಬಂದರಿಗೆ ಬಂದ ನಮ್ಮ ಯಳಂದೂರಿನ ಪ್ರವಾಸಿ ಗುಂಪಿನಿಂದ, ಹಡಗು ಹತ್ತುವ ಮೊದಲಿನ ಕೋವಿಡ್ ಪರೀಕ್ಷೆಗೆ ಆರಿಸಿದ್ದು ನನ್ನ ಅತ್ತೆಯೊಬ್ಬರನ್ನೇ. ನರ್ಸ್ ಹತ್ತಿಕಡ್ಡಿ ಹಿಡಿದು ನಿಂತರೂ ಅತ್ತೆ ಬಾಯಿ ತೆರೆಯಲಿಲ್ಲ.

"ಲಿಂಗಪೂಜೆ ಆಗಿಲ್ಲ ಕಣವ್ವ. ಅದ್ಕೂ ಮುಂಚೆ ತೊಟ್ಟು ನೀರೂ ಕುಡ್ಯಲ್ಲ, ಇನ್ನು ಕಡ್ಡಿ ಆಕುಸ್ಕಂಡೇನಾ?"

"ಪರೀಕ್ಷೆ ಆಗದಿದ್ರೆ ಹಡಗು ಹತ್ತಿಸಲ್ವಂತೆ, ಅತ್ತೆ."

"ಅತ್ತುಸ್ದಿದ್ರೆ ವಾಪಸ್ ಊರ್ಗೆ ಓಗವ ಬಾ."

ನಾನು ಹತ್ತು ನಿಮಿಷ ಕೇಳಿ ಪಡೆದೆ. ಅತ್ತೆ ಕುರ್ಚಿಯಲ್ಲೇ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಪ್ರಸಾದದ ಬಾಳೆಹಣ್ಣು ತಿಂದು ಬಾಯಿ ಅಗಲಿಸಿದರು. ತಿಂದವರು ಅರ್ಧ ಗಂಟೆ ಕಾಯಬೇಕೆಂದು ನರ್ಸ್ ಕಡ್ಡಿಯನ್ನು ಪಕ್ಕಕ್ಕಿಟ್ಟರು!

ಕೊನೆಗೂ ವರದಿ ನೆಗೆಟಿವ್ ಬಂತು. ಎಲ್ಲರಿಗಿಂತ ಹಿಂದೆ ನಾವಿಬ್ಬರು ಹಡಗು ಹತ್ತಿದೆವು.

"ನೋಡ್ದಾ, ನಮ್ಮುನ್ನ ಬುಟ್ಟು ಓಗ್ನಿಲ್ಲ," ಎಂದರು ಅತ್ತೆ.

ಆ ಅರ್ಧ ಗಂಟೆ ನನ್ನ ಬಿಪಿ ಎಷ್ಟಿತ್ತೆಂದು ಮಾತ್ರ ಯಾರೂ ಪರೀಕ್ಷಿಸಲಿಲ್ಲ.